ಬುಧವಾರದ ಚಪ್ಪಾಳೆ

ಸೀಮೆಸುಣ್ಣದ ಗೆರೆ ಮತ್ತೆರಡು ಮೊಳ ಹಿಂದಕ್ಕೆ ಸರಿದಿತ್ತು. ವೊಯ್ತಾ ಕುಬಾತ್ ಹ್ಯಾಟು ತೆಗೆಯದೆ, ಕೋಟು ಬಿಚ್ಚದೆ, ಕಾರ್ಲಿಂಗ್ ಹೋಟೆಲಿನ ಊಟದ ಹಾಲಿಗೂ ಅಡುಗೆಮನೆಗೂ ನಡುವಿನ ಓಣಿಯಲ್ಲಿ ನಿಂತು ಅದನ್ನೇ ನೋಡಿದ. ಹೋದ ವಾರ ಗೆರೆ ಹೊಸ್ತಿಲ ಮೇಲಿತ್ತು. ಎಡಗೈ ಹಾಲಿನಲ್ಲಿ, ಬಲಗೈ ಓಣಿಯಲ್ಲಿ. ಅರ್ಧ ಮನುಷ್ಯನಾದರೂ ಬ್ಯಾಂಡಿನಲ್ಲಿದ್ದಾನೆ ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಇವತ್ತು, ಶುಕ್ರವಾರ, ಇಡೀ ಮನುಷ್ಯ ಓಣಿಪಾಲಾಗಿದ್ದ. ಎಡಕ್ಕೆ ಹುಳಿ ಎಲೆಕೋಸಿನ ಪೀಪಾಯಿ, ಬಲಕ್ಕೆ ಕೊಳೆಯಾದ ಮೇಜುಬಟ್ಟೆಗಳ ಗಾಡಿ, ನಡುವೆ ಒಂದು ಸ್ಟೂಲು. ಒಮಾಹಾದಿಂದ ಹೊರಟರೆ ಏಳು ರಾಜ್ಯಗಳಿಗೆ ಕೇಳಿಸುತ್ತದೆ ಎಂದು ಬಾಗಿಲಲ್ಲಿ ಬೋರ್ಡು ಹಾಕಿಸಿಕೊಂಡ ನೃತ್ಯಬ್ಯಾಂಡಿನ ಡ್ರಮ್ಮು ಬಾರಿಸುವವನು ಕೂರಬೇಕಾದ ಜಾಗ ಅದು. ಹಬೆಯಾಡುವ ಪಾತ್ರೆ ಹಿಡಿದು ಬಂದ ಬಡಿಸುವವನೊಬ್ಬ, "ಒಂಚೂರು ಸರೀರಿ ಸಾರ್, ಸೂಪು ಬಿಸಿ ಇದೆ" ಎಂದ. ಸಾರ್ ಎಂದದ್ದೇ ಹೆಚ್ಚು ಎನ್ನಿಸಿ ವೊಯ್ತಾ ಗೋಡೆಗೆ ಒತ್ತಿಕೊಂಡ.

ಮೈಕು ಬಂದ ಮೇಲೆ ಬ್ಯಾಂಡಿನಲ್ಲಿ ಪಂಕ್ತಿಭೇದ ಶುರುವಾಗಿತ್ತು. ಅದಕ್ಕೆ ಮುಂಚೆ ಎಂಟೂ ಜನ ಒಂದೇ ಸಾಲಿನಲ್ಲಿ ಕೂತು, ಕಾನೂನಿನ ಕಣ್ಣು ತಪ್ಪಿಸಿ ಒಂದೇ ಸೀಸೆಯಿಂದ ಕುಡಿದು, ಒಂದೇ ಸಮ ತಪ್ಪು ಬಾರಿಸುತ್ತಿದ್ದರು. ಬೊಹೀಮಿಯನ್ನರ ಗರಡಿ ಹಾಲಿನಲ್ಲಿ ಮದುವೆಗೆ ಪೋಲ್ಕಾ, ಕಸಾಯಿಖಾನೆ ನೌಕರರ ಸಂಘದ ವಾರ್ಷಿಕೋತ್ಸವಕ್ಕೆ ವಾಲ್ಟ್ಸ್, ಹಾಗೆ ಬಾರಿಸಿಕೊಂಡಿದ್ದವರು ಸ್ಯಾಕ್ಸೋಫೋನಿನವನೊಬ್ಬ ಸೇರಿದ್ದೇ ತಡ ಜಾಜ್ ಬ್ಯಾಂಡಾದರು. ಹಾಡುಗಳು ಅವೇ, ತಪ್ಪುಗಳೂ ಅವೇ, ಪಟ್ಟಿ ಪಟ್ಟಿ ಕೋಟು ಮಾತ್ರ ಹೊಸದು. ಈಗ ಹಾಲಿನ ನಡುವೆ ಒಂದು ಕಂಬದ ಮೇಲೆ ರೊಟ್ಟಿಯಗಲದ ಆ ವಸ್ತು ನಿಂತಿತ್ತು. ಅದಕ್ಕೆ ಕೈಯಳತೆಯಲ್ಲಿ ಪಿಟೀಲು, ಆಮೇಲೆ ಬ್ಯಾಂಜೋ, ಆಮೇಲೆ ಸ್ಯಾಕ್ಸೋಫೋನುಗಳು, ಪಿಯಾನೋ, ಕೊನೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ತುತ್ತೂರಿ. ಯಾರು ಎಷ್ಟು ದೂರ ಕೂರಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯುವವನು ರೇಡಿಯೋ ಸ್ಟೇಷನ್ನಿನಿಂದ ಬರುವ ಸ್ಟಾಂಗ್ ಎಂಬ ಒಣಕಲು ಎಂಜಿನಿಯರು. ಕಿವಿಗೆ ಸದಾ ಕರಿ ಬಟ್ಟಲುಗಳನ್ನು ಸಿಕ್ಕಿಸಿಕೊಂಡಿರುವುದರಿಂದ ಅವನಿಗೆ ಯಾರ ಗೋಳೂ ಕೇಳಿಸುತ್ತಿರಲಿಲ್ಲ.

ತಪ್ಪು ತನ್ನದೇ ಎಂದು ವೊಯ್ತಾನಿಗೂ ಗೊತ್ತು. ಮಾರ್ಚಿಯಲ್ಲಿ, ಮೊದಲನೆಯ ಪ್ರಸಾರದ ದಿನ, ಹನ್ನೆರಡು ಹೊಡೆದು ಒಂದು ನಿಮಿಷಕ್ಕೆ ಅವನು ಹುಮ್ಮಸ್ಸಿನಲ್ಲಿ ದೊಡ್ಡ ಡೋಲಿನ ಪೆಡಲನ್ನು ಒದ್ದಿದ್ದ. ಒಂದೇ ಒಂದು ಒದೆ. ಅಲ್ಲೆಲ್ಲೋ ಸ್ಟೇಷನ್ನಿನಲ್ಲಿ ಏನೋ ಕಡಿದುಕೊಂಡು ನಾಲ್ಕು ನಿಮಿಷ ನೆಬ್ರಾಸ್ಕಾಕ್ಕೆ ನೆಬ್ರಾಸ್ಕಾವೇ ಮೌನವಾಯಿತು. ಆ ನಾಲ್ಕು ನಿಮಿಷವೂ ಘೋಷಣೆ ಮಾಡುವಾತ ಸತ್ತ ಮೈಕಿನ ಮುಂದೆ ಆಣಿ ಮುಲಾಮಿನ ಗುಣಗಾನ ಮಾಡುತ್ತಲೇ ಇದ್ದ. ಅಂದಿನಿಂದ ದೊಡ್ಡ ಡೋಲು ರಾತ್ರಿಯ ಕುಣಿತಕ್ಕೆ ಮಾತ್ರ. ಮಧ್ಯಾಹ್ನ ಅದನ್ನು ಓಣಿಗೆ ತಳ್ಳಿ ಮೇಲೆ ಮೇಜುಬಟ್ಟೆ ಹೊದಿಸಿಡುತ್ತಿದ್ದರು. ವೊಯ್ತಾನ ಪಾಲಿಗೆ ಒಂದು ಟೊಳ್ಳು ಮರದ ತುಂಡು, ಅದನ್ನು ಕುಟ್ಟಲು ಒಂದು ಕಡ್ಡಿ. ಮಾರ್ಚಿಯಿಂದ ನವೆಂಬರಿನ ತನಕ ಎಂಟು ತಿಂಗಳು ಅವನು ಮರ ಕುಟ್ಟಿದ್ದ. ಮರಕುಟಿಗಕ್ಕಾದರೂ ಹುಳ ಸಿಗುತ್ತದೆ.

ಮರದ ಸದ್ದು ರೇಡಿಯೋದಲ್ಲಿ ಕೇಳಿಸುತ್ತದೋ ಇಲ್ಲವೋ ಎಂಬುದನ್ನು ಅವನು ಹೇಗೆ ತಿಳಿಯಬೇಕು? ಬಾರಿಸುವವನು ಮನೆಯಲ್ಲಿ ಕೂತು ತನ್ನನ್ನು ತಾನು ಕೇಳಿಸಿಕೊಳ್ಳುವಂತಿಲ್ಲ. ಹೆಂಡತಿ ರುಜೆನಾ ಆ ಹೊತ್ತಿಗೆ ಸಿಗಾರ್ ಕಾರ್ಖಾನೆಯಲ್ಲಿ ಎಲೆ ಸುತ್ತುತ್ತಿರುತ್ತಾಳೆ. ಉಳಿದವಳು ಅತ್ತೆ ಬಾರ್ಬೊರಾ. ಅವಳಿಗೆಂದೇ ಹರಳಿನ ರೇಡಿಯೋ ತಂದು, ಅದರ ತಂತಿಯನ್ನು ಮಂಚದ ಸ್ಪ್ರಿಂಗಿಗೆ ಕಟ್ಟಿ, ಹೆಡ್‌ಫೋನನ್ನು ಕಿವಿಗೆ ಹಾಕಿಕೊಳ್ಳುವುದು ಹೇಗೆಂದು ತೋರಿಸಿಕೊಟ್ಟವನು ಅವನೇ. ಕಿವಿಗೆ ಹಾಕಿಕೊಂಡರೆ ತಲೆಯೊಳಗೆ ಇನ್ಯಾರೋ ಸಂಸಾರ ಹೂಡಿದ ಹಾಗಿರುತ್ತದೆ ಎಂದು ಅವಳು ಅದನ್ನು ಹಿಟ್ಟು ಕಲಸುವ ಪಿಂಗಾಣಿ ಬಟ್ಟಲಿನೊಳಗೆ ಇಟ್ಟಳು. ಬಟ್ಟಲು ಹಾಡಿತು. ಅಕ್ಕಪಕ್ಕದ ಮುದುಕಿಯರೂ ಬಂದು ಬಟ್ಟಲಿನ ಸುತ್ತ ಕೂತು ಬಟಾಣಿ ಸುಲಿದರು. ಸಂಜೆ ಅಳಿಯ ಮನೆಗೆ ಬಂದು ಬೂಟು ಬಿಚ್ಚುವ ಮುನ್ನವೇ ತೀರ್ಪು ಸಿದ್ಧವಾಗಿರುತ್ತಿತ್ತು.

"ಏಳು ಜನ ಬಾರಿಸೋದು ಕೇಳಿಸ್ತಪ್ಪ. ಎಂಟನೆಯವನು ಎಲ್ಲಿ? ಅಡುಗೆಮನೇಲಿ ತಟ್ಟೆ ತೊಳೀತಿದ್ಯಾ?"

"ಇದ್ದೆ ಅತ್ತೆ. ಮರ ಬಾರಿಸ್ತಿದ್ದೆ. ಟಕ್ ಟಕ್ ಅಂತ ಬರಲಿಲ್ವಾ?"

"ಟಕ್ ಟಕ್ ಅಂತು. ಅದು ನಮ್ಮನೆ ಗಡಿಯಾರ."

ಪಕ್ಕದ ಮುದುಕಿಯರು ನಗುತ್ತಿದ್ದರು. ಅವನೂ ನಗುತ್ತಿದ್ದ. ಅಳಿಯ ಅಲ್ಲ, ಮಗಳ ಗಂಡ; ಯಾವ ಹೆಸರಿಟ್ಟರೂ ನಗಿಸಿಕೊಳ್ಳಬೇಕಾದವನು ತಾನೇ. ರಾತ್ರಿ ಹಾಸಿಗೆಯಲ್ಲಿ ಮಾತ್ರ, ತಂತಿ ಕಟ್ಟಿದ ಮಂಚದ ಸ್ಪ್ರಿಂಗು ಬೆನ್ನಿಗೆ ಒತ್ತುವಾಗ, ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಕೇಳಿಕೊಳ್ಳುತ್ತಿದ್ದ. ಅಡುಗೆಮನೆಯ ಬಾಗಿಲು ದಿನೇ ದಿನೇ ಹತ್ತಿರವಾಗುತ್ತಿತ್ತು. ತಾನು ಬಾರಿಸುತ್ತಿರುವುದಕ್ಕೆ ತನ್ನ ಹೊರತು ಬೇರೆ ಸಾಕ್ಷಿಯಿಲ್ಲ. ಆ ಸಾಕ್ಷಿಯ ಮಾತನ್ನೂ ಪೂರ್ತಿ ನಂಬುವ ಹಾಗಿರಲಿಲ್ಲ.

ಸೋಮವಾರ ಬ್ಯಾಂಡಿನ ಯಜಮಾನ ಲೈಲ್ ಪ್ರೂವಿಟ್ ಅವನನ್ನು ತಾಳೆಗಿಡದ ಕುಂಡದ ಹತ್ತಿರ ಕರೆದು ಮೃದುವಾಗಿ ಮಾತಾಡಿದ್ದ. ಪ್ರೂವಿಟ್ ಮೃದುವಾದನೆಂದರೆ ಕೆಡುಕು ಕಾದಿದೆಯೆಂದೇ ಲೆಕ್ಕ. "ಕುಬಾತ್, ಸ್ಟೇಷನ್ನಿನವರು ಡ್ರಮ್ಮೇ ಬೇಡ ಅಂತಾರೆ. ನಾನು ಅಷ್ಟು ಕಟುಕ ಅಲ್ಲ. ಶುಕ್ರವಾರದೊಳಗೆ ಡ್ರಮ್ಮಿನ ಬಗ್ಗೆ ಒಂದಾದ್ರೂ ಚಪ್ಪಾಳೆ ಕಾರ್ಡು ಬರ್ಲಿ, ನೀನು ಮಧ್ಯಾಹ್ನದ ಗಂಟೇಲಿ ಇರ್ತೀಯ. ಬರ್ಲಿಲ್ಲ ಅಂದ್ರೆ ರಾತ್ರಿ ಕುಣಿತಕ್ಕಷ್ಟೆ ಬಂದ್ರೆ ಸಾಕು." ಚಪ್ಪಾಳೆ ಕಾರ್ಡೆಂದರೆ ರೇಡಿಯೋ ಅಂಗಡಿಗಳಲ್ಲಿ ಬಿಟ್ಟಿ ಹಂಚುವ ಅಂಚೆ ಕಾರ್ಡು. ಮನೆಯಲ್ಲಿ ಕೂತು ಕೇಳುವವನ ಚಪ್ಪಾಳೆ ಗಾಳಿಯಲ್ಲಿ ಹಿಂದಕ್ಕೆ ಬರುವುದಿಲ್ಲವಲ್ಲ, ಅದಕ್ಕೆ ಈ ಏರ್ಪಾಡು. ಯಾವ ದಿನದ ಕಾರ್ಯಕ್ರಮ, ಏನು ಹಿಡಿಸಿತು, ಹೆಸರು, ಊರು ಬರೆದು ಹಾಕಿದರೆ ಮುಗಿಯಿತು. ಎಂಟು ತಿಂಗಳಲ್ಲಿ ಪಿಟೀಲಿಗೆ ಬಂದ ಕಾರ್ಡುಗಳನ್ನು ಬುಟ್ಟಿಯಲ್ಲಿ ತುಂಬಿಡಬೇಕಾಗಿತ್ತು. ತುತ್ತೂರಿಗೂ ಐದು ಬಂದಿದ್ದವು. ಡ್ರಮ್ಮಿಗೆ ಬಂದದ್ದು ಒಂದೇ. ಅದು ಮಾರ್ಚಿಯ ನಾಲ್ಕು ನಿಮಿಷದ ಮೌನಕ್ಕೆ, ಅದರಲ್ಲೂ ಮೆಚ್ಚುಗೆಯೇ ಇತ್ತು.

ಆದ್ದರಿಂದ ಬುಧವಾರ ಕಾರ್ಯಕ್ರಮ ಮುಗಿದ ಮೇಲೆ ವೊಯ್ತಾ ಅದೇ ಎಲೆಕೋಸಿನ ಪೀಪಾಯಿಯ ಮೇಲೆ ಮೂರು ಕಾರ್ಡು ಹರಡಿಕೊಂಡು ಪಾಪ ಮಾಡಿದ. ಮೊದಲನೆಯದನ್ನು ನಿವೃತ್ತ ಪೋಸ್ಟ್‌ಮಾಸ್ತರನಾಗಿ ಬರೆದ, ಅದರಲ್ಲೇನೂ ಕಷ್ಟವಾಗಲಿಲ್ಲ. ಎರಡನೆಯದು ಹಾರಿಯೆಟ್ ಎಂಬ ವಿಧವೆಯದು. ಗಂಡ ಸತ್ತಂದಿನಿಂದ ಮನೆಯಲ್ಲಿ ಸದ್ದೇ ಇರಲಿಲ್ಲ, ನಿಮ್ಮ ಮರದ ಟಕ್ ಟಕ್ ಕೇಳಿದ ಮೇಲೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ ಎನ್ನಿಸುತ್ತದೆ ಎಂದು ಬರೆಯುವಷ್ಟರಲ್ಲಿ ಅವನೇ ಬಾಗಿಲ ಕಡೆ ತಿರುಗಿ ನೋಡಿದ. ಹಾರಿಯೆಟ್ ಮೂವತ್ತೈದರ ಒಳಗಿನವಳು, ತುಸು ದುಂಡಗಿದ್ದಾಳೆ ಎಂದೂ ಹೊಳೆಯಿತು. ಇದು ಬೇಡ ಎಂದುಕೊಂಡು ಮೂರನೆಯದಕ್ಕೆ ಹೋದ. ಮೂರನೆಯವನು ಕುರುಡ. ಎಡಗೈಯಲ್ಲಿ ಬರೆದದ್ದಷ್ಟೇ ಅಲ್ಲ, ಕಣ್ಣು ಮುಚ್ಚಿಕೊಂಡು ಬರೆದ. ಸುಳ್ಳಿಗೂ ಒಂದು ಪ್ರಾಮಾಣಿಕತೆ ಬೇಡವೇ? ಫ್ರೀಮಾಂಟಿನಿಂದ ಹೋಟೆಲಿಗೆ ಬೆಣ್ಣೆ ತರುವವನ ಕೈಗೆ ಮೂರನ್ನೂ ಕೊಟ್ಟು ಅಲ್ಲಿಂದಲೇ ಅಂಚೆಗೆ ಹಾಕಲು ಹೇಳಿದ. ಬೆಣ್ಣೆಯವನು ಕಾರಣ ಕೇಳಲಿಲ್ಲ, ಕಣ್ಣು ಮಾತ್ರ ಹೊಡೆದ. ಆ ಕಣ್ಣು ಹೊಡೆತ ಎರಡು ದಿನವಾದರೂ ವೊಯ್ತಾನ ಹೊಟ್ಟೆಯೊಳಗೆ ಅಜೀರ್ಣವಾಗಿ ಉಳಿದಿತ್ತು.

ತಮಾಷೆಯೆಂದರೆ ಪಾಪ ಮಾಡಿದ ಅದೇ ಸಂಜೆ ಪುಣ್ಯವೂ ಬಂತು. ಹೊರಗೆ ಹಿಮಗಾಳಿ ಬೀಸುತ್ತಿತ್ತು. ಬೂಟಿನ ಮಂಜು ಒದರಿಕೊಂಡು ಒಳಗೆ ಬಂದರೆ ಬಾರ್ಬೊರಾ ಒಲೆಯ ಮುಂದೆ ಬೆನ್ನು ತಿರುಗಿಸಿಕೊಂಡು ನಿಂತಿದ್ದಳು. ಅವಳು ಸಬ್ಬಸಿಗೆ ಸೂಪನ್ನು ತಟ್ಟೆಗೆ ಹಾಕುತ್ತಾ, ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲೇ, "ಇವತ್ತು ನಿಂದು ಕೇಳಿಸ್ತು" ಎಂದಳು.

"ಏನಂದ್ರಿ?"

"ಡ್ರಮ್ಮು. ಚೆನ್ನಾಗಿ ಬಂತು. ಕೂತ್ಕೊ, ಆರೋಗ್ತದೆ."

ಅವಳ ಕೆಳತುಟಿಯ ಮೇಲೆ ನೇರಳೆ ಬಣ್ಣ ಅಂಟಿತ್ತು. ಪ್ಲಮ್ ಹಣ್ಣಿನ ಪಾಕದ ರುಚಿ ನೋಡಿರಬೇಕು ಅಂದುಕೊಂಡ. ಸೂಪು ಮುಗಿದ ತಟ್ಟೆಯನ್ನು ಅವನು ಮತ್ತೆ ಚಾಚಿದ; ರುಜೆನಾ ಇಷ್ಟು ಹಸಿವೇ ಎಂದು ಕೇಳಿದಳು. ಚಳಿ ಎಂದ. ಎಂಟು ತಿಂಗಳಿಂದ ಮುಚ್ಚಿಕೊಂಡಿದ್ದ ಏನೋ ತೆರೆದ ಹಾಗಾಗಿ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ. ಬೆಳಿಗ್ಗೆ ಎದ್ದಾಗ ಮೊದಲು ನೆನಪಾದದ್ದು ಆ ಮೂರು ಕಾರ್ಡು. ನಿಜವಾಗಿಯೂ ಕೇಳಿಸಿತ್ತು ಎಂದ ಮೇಲೆ ಅವು ಬೇಕಿರಲಿಲ್ಲ. ಒಂದು ಸಂಜೆ ಕಾದಿದ್ದರೆ ಕಳ್ಳನಾಗಬೇಕಾಗಿರಲಿಲ್ಲ.

ಇದನ್ನೆಲ್ಲ ಮೆಲುಕು ಹಾಕುತ್ತ ಸ್ಟೂಲಿನ ಮೇಲೆ ಕೂತಿದ್ದವನನ್ನು ಹಾಲಿನಿಂದ ಬ್ಯಾಂಜೋದ ಲೋರ್ಚ್ ಕೂಗಿದ. "ಓಣಿ ದೊರೆಗಳೇ, ದಯಮಾಡಿಸ್ಬೇಕು. ಸ್ಟಾಂಗ್ ಕಾರ್ಡು ತಂದಿದ್ದಾನೆ."

ಹನ್ನೊಂದೂವರೆಯಾಗಿತ್ತು. ಊಟಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಮೇಜುಗಳ ಮೇಲೆ ಬಟ್ಟೆಯ ಕೈವಸ್ತ್ರಗಳು ಕಿವಿ ನಿಮಿರಿಸಿಕೊಂಡು ಕೂತಿದ್ದವು. ಸ್ಟಾಂಗ್ ಮೈಕಿನ ಕಂಬಕ್ಕೆ ಒರಗಿ ನಿಂತಿದ್ದ. ಎಂದೂ ಇಲ್ಲದ್ದು, ಕಿವಿಯ ಬಟ್ಟಲುಗಳನ್ನು ಕುತ್ತಿಗೆಗೆ ಇಳಿಸಿಕೊಂಡಿದ್ದ. ಅವನ ಕಿವಿಗಳನ್ನು ವೊಯ್ತಾ ನೋಡಿದ್ದು ಅದೇ ಮೊದಲು. ಸಣ್ಣ, ಕೆಂಪಗಿನ, ನಾಚಿಕೆಯ ಕಿವಿಗಳು.

"ಬುಧವಾರದ ಕಾರ್ಡು. ಹತ್ತು" ಎಂದ ಸ್ಟಾಂಗ್.

"ಓದಿ, ಓದಿ. ಎಲ್ಲರ ಮುಂದೇನೇ ಓದಿ" ಎಂದು ಪ್ರೂವಿಟ್ ತಾಳ ತೋರಿಸುವ ಬೆತ್ತವನ್ನು ಕಂಕುಳಲ್ಲಿಟ್ಟುಕೊಂಡು ಕೈ ಉಜ್ಜಿಕೊಂಡ. "ಕುಬಾತ್, ನೀನೂ ಕೇಳ್ಕೊ. ನಿನ್ನ ಹಣೇಬರಹ ಇದರಲ್ಲೇ ಇರೋದು."

ಸ್ಟಾಂಗ್ ರೈಲ್ವೆ ವೇಳಾಪಟ್ಟಿ ಓದುವ ದನಿಯಲ್ಲಿ ಓದಿದ. ಹದಿನೇಳರ ಕನ್ಯೆಯೊಬ್ಬಳು ಸ್ಯಾಕ್ಸೋಫೋನಿಗೆ ಮನಸೋತಿದ್ದಳು. ಕೌನ್ಸಿಲ್ ಬ್ಲಫ್ಸಿನ ಪಾದ್ರಿಯೊಬ್ಬರು ಬ್ಯಾಂಜೋದಲ್ಲಿ ದೇವರ ಬೆರಳನ್ನು ಕಂಡಿದ್ದರು. ಪಿಟೀಲಿಗೆ ಒಂದೇ ಮನೆಯ ಮೂವರು ಸೋದರಿಯರು ಬೇರೆ ಬೇರೆಯಾಗಿ, ಆದರೆ ಒಂದೇ ಶಾಯಿಯಲ್ಲಿ, ಬರೆದಿದ್ದರು. ಕರ್ನಲ್ ಒಬ್ಬರು ಬ್ಯಾಂಡಿನ ಯಜಮಾನನ ಬೆತ್ತದ ಕೈಚಳಕವನ್ನು, ಅದರಲ್ಲೂ ಎಡ ಮೊಣಕೈಯ ಸೊಬಗನ್ನು, ಬಾಯ್ತುಂಬ ಹೊಗಳಿದ್ದರು. ಆಮೇಲೆ ನಿವೃತ್ತ ಪೋಸ್ಟ್‌ಮಾಸ್ತರ ಬಂದ. ವಿಧವೆ ಬಂದಳು. ಕುರುಡ ಬಂದ. ವೊಯ್ತಾ ತನ್ನ ಬೂಟಿನ ತುದಿಯನ್ನು ನೋಡುತ್ತ ನಿಂತ. ಸ್ಟಾಂಗಿನ ಬಾಯಲ್ಲಿ ಹಾರಿಯೆಟ್ ದುಂಡಗೂ ಇರಲಿಲ್ಲ, ಮೂವತ್ತೈದರ ಒಳಗೂ ಇರಲಿಲ್ಲ. ಬರೀ ಒಂದು ಕೆಟ್ಟ ಸುಳ್ಳಾಗಿದ್ದಳು.

"ಡ್ರಮ್ಮಿಗೆ ಮೂರು" ಎಂದು ಪ್ರೂವಿಟ್ ಹುಬ್ಬೇರಿಸಿದ. "ಭೇಷ್ ಕುಬಾತ್. ಮೂರು."

"ನಾಲ್ಕು" ಎಂದ ಸ್ಟಾಂಗ್, ಕೊನೆಯದನ್ನು ಕೆಳಗಿಟ್ಟು. "ಒಟ್ಟು ಹತ್ತು. ಈಗ ನಾನೊಂದು ಮಾತು ಹೇಳ್ತೀನಿ. ಬುಧವಾರ ಏನೂ ಹೋಗ್ಲಿಲ್ಲ."

"ಎಲ್ಲಿಗೆ?"

"ಎಲ್ಲಿಗೂ. ಹಿಮದ ಭಾರಕ್ಕೆ ಫೋನಿನ ತಂತಿ ಕಡಿದಿತ್ತು. ಹನ್ನೆರಡಕ್ಕೆ ನಾಲ್ಕು ನಿಮಿಷ ಇರೋವಾಗ್ಲೇ. ಇಲ್ಲಿಂದ ಸ್ಟೇಷನ್ನಿಗೆ ಒಂದು ಸೊಳ್ಳೆ ಸದ್ದೂ ಹೋಗಿಲ್ಲ. ನೀವು ಒಂದು ಗಂಟೆ ಈ ಕಂಬಕ್ಕೆ ಬಾರಿಸಿದ್ರಿ."

ಪ್ರೂವಿಟ್‌ನ ಬೆತ್ತ ಕಂಕುಳಿಂದ ಜಾರಿತು. "ಮತ್ತೆ ನೀನು ಯಾಕಪ್ಪ ಆವಾಗ್ಲೇ ಹೇಳ್ಲಿಲ್ಲ?"

"ಊಟ ಮಾಡೋರು ಇದ್ರು. ನಿಮ್ಮ ಮುಖ ಕೆಡೋದು, ಅವರ ಜೀರ್ಣ ಕೆಡೋದು. ಯಾಕೆ ಅಂತ ಸುಮ್ನಿದ್ದೆ."

ಯಾರೂ ಯಾರನ್ನೂ ನೋಡಲಿಲ್ಲ. ಪಿಟೀಲಿನವನು ಕಮಾನಿಗೆ ರಾಳ ತಿಕ್ಕತೊಡಗಿದ. ಕೊನೆಗೆ ಪ್ರೂವಿಟ್ ಗಂಟಲು ಸರಿಮಾಡಿಕೊಂಡು, "ಅಲ್ಲ, ಈ ಅಲೆಗಳು ಅಂತ ಇರ್ತವಲ್ಲ. ಆಕಾಶದಲ್ಲಿ ಒಂದೊಂದು ಸಲ ತಡವಾಗಿ..." ಎಂದ.

"ಹೊರಡದೇ ಇರೋ ಅಲೆ ತಡವಾಗಿಯೂ ಸೇರಲ್ಲ ಸಾರ್" ಎಂದ ಸ್ಟಾಂಗ್.

ಮೊದಲು ನಕ್ಕವನು ಲೋರ್ಚ್. "ಕರ್ನಲ್ ಸಾಹೇಬ್ರಿಗೆ ನಮಸ್ಕಾರ" ಎಂದು ಪ್ರೂವಿಟ್‌ಗೆ ಬಗ್ಗಿ ಕೈ ಮುಗಿದ. "ಎಡ ಮೊಣಕೈ ಹೇಗಿದೆ?" ಪ್ರೂವಿಟ್, "ಪಾದ್ರಿಗಳೇ, ನೀವು ಬಾಯಿ ಮುಚ್ಚಿ" ಎಂದ. ಆಮೇಲೆ ಎಲ್ಲರೂ ನಕ್ಕರು. ಹದಿನೇಳರ ಕನ್ಯೆಯಂತೂ ನಗು ತಡೆಯಲಾರದೆ ಸ್ಯಾಕ್ಸೋಫೋನನ್ನು ತಬ್ಬಿಕೊಂಡು ಕೆಮ್ಮಿದ. ಅವನಿಗೆ ಐವತ್ತೆರಡು ವರ್ಷ, ಬೊಕ್ಕತಲೆ. ವೊಯ್ತಾನೂ ನಕ್ಕ. ಎರಡು ದಿನ ಹೊಟ್ಟೆಯಲ್ಲಿದ್ದ ಅಜೀರ್ಣ ಕರಗಿತು. ಎಲ್ಲರೂ ಕಳ್ಳರಾದ ಮೇಲೆ ಪೊಲೀಸರು ಯಾರು? ಪ್ರೂವಿಟ್ ಕಣ್ಣೊರೆಸಿಕೊಂಡು, "ಕುಬಾತ್, ನೀನು ಇರು. ನಿನ್ನ ತೆಗೆಯೋ ಮುಖ ನನಗೆಲ್ಲಿದೆ?" ಎಂದ. ಎಂಟು ತಿಂಗಳ ಚಿಂತೆ ಇಷ್ಟು ಸುಲಭವಾಗಿ ಬಗೆಹರಿಯಿತು. ಅವನು ಮಧ್ಯಾಹ್ನದ ಗಂಟೆಯಲ್ಲಿ ಉಳಿದ.

ನಗುತ್ತಲೇ ಓಣಿಯ ಕಡೆ ನಡೆದವನು ನಡುವೆ ನಿಂತ. ಬುಧವಾರ ಏನೂ ಹೋಗಿರಲಿಲ್ಲ. ಹಾಗಾದರೆ ಬಟ್ಟಲಿನೊಳಗೆ ಅತ್ತೆಗೆ ಕೇಳಿಸಿದ್ದೇನು? ಇವತ್ತು ನಿಂದು ಕೇಳಿಸ್ತು, ಚೆನ್ನಾಗಿ ಬಂತು, ಕೂತ್ಕೊ ಆರೋಗ್ತದೆ. ಅವನು ತಿರುಗಿ ಬಂದು ಸ್ಟಾಂಗಿನ ಮುಂದೆ ನಿಂತು ಕೈಚಾಚಿದ. "ಡ್ರಮ್ಮಿಗೆ ನಾಲ್ಕು ಅಂದ್ರಲ್ಲ. ನಾಲ್ಕನೇದು ಕೊಡಿ ಸ್ವಲ್ಪ. ನಾನು ಬರೆದದ್ದು ಮೂರೇ."

ಕಾರ್ಡಿನಲ್ಲಿದ್ದದ್ದು ನೇರಳೆ ಬಣ್ಣದ ಅಕ್ಷರ. ನಾಲಿಗೆಗೆ ಒತ್ತಿ ಒದ್ದೆ ಮಾಡಿ ಬರೆಯುವ ಆ ಪೆನ್ಸಿಲು ಅವನ ಮನೆಯಲ್ಲಿ ಒಲೆಯ ಮೇಲಿನ ಮೊಳೆಗೆ ದಾರದಲ್ಲಿ ನೇತಾಡುತ್ತದೆ. ಜಾಡಿಗಳ ಮುಚ್ಚಳದ ಮೇಲೆ ಪ್ಲಮ್, ಸೌತೆ, ಗಸಗಸೆ ಎಂದು ಬರೆಯುವುದಕ್ಕೆ. ಅಮೆರಿಕದ ಅಕ್ಷರಗಳನ್ನು ಹಿಟ್ಟಿನ ಚೀಲಗಳ ಮೇಲೆ ನೋಡಿ ಕಲಿತವಳ ಬರಹ ಅದು. ಒಂದೊಂದು ಅಕ್ಷರವೂ ಚೀಲದ ಮೇಲಿನಷ್ಟೇ ದಪ್ಪ. 'ಡ್ರಮ್ ಕೇಳಿಸಿತು. ಒಳ್ಳೆಯ ಡ್ರಮ್. ಅವನನ್ನು ತೆಗೆಯಬೇಡಿ, ಪಾಪ ಬರುತ್ತದೆ.' ಕೆಳಗೆ ಹೆಸರಿನ ಜಾಗದಲ್ಲಿ, ತೂಕವಿರಲಿ ಎಂದು, 'ಒಬ್ಬ ಗಂಡಸು' ಎಂದಿತ್ತು.

ಹನ್ನೆರಡು ಹೊಡೆಯಿತು. ಘೋಷಣೆಯಾತ ಮುಲಾಮಿನ ಹೆಸರು ಹೇಳಿ ಬ್ಯಾಂಡಿನ ಹೆಸರು ಹೇಳಿದ. ಹಾಲಿನಲ್ಲಿ ಚಮಚಗಳ ಸದ್ದು, ಓಣಿಯಲ್ಲಿ ಹುರಿದ ಮಾಂಸದ ಹೊಗೆ. ವೊಯ್ತಾ ಸ್ಟೂಲಿನ ಮೇಲೆ ಕೂತು ಗೆರೆಯ ಹಿಂದಿನಿಂದ ಮರ ಕುಟ್ಟಿದ. ಕಾರ್ಡು ಎದೆಯ ಜೇಬಿನಲ್ಲಿತ್ತು. ರುಜೆನಾ ಹೇಳಿರಬೇಕು, ಅಮ್ಮಾ, ಅವರಿಗೆ ಶುಕ್ರವಾರದ ಗಡುವು ಕೊಟ್ಟಿದ್ದಾರೆ, ರಾತ್ರಿಯೆಲ್ಲ ಹೊರಳಾಡ್ತಾರೆ ಅಂತ. ಮಗಳ ಮಾತು ಕೇಳಿ ಆ ಮುದುಕಿ ಶಾಲು ಹೊದ್ದು, ಹಿಮಗಾಳಿಯಲ್ಲಿ ರೇಡಿಯೋ ಅಂಗಡಿಗೆ ನಡೆದು ಹೋಗಿ ಕಾರ್ಡು ಕೇಳಿದ್ದಾಳೆ. ಬುಧವಾರ ಬಟ್ಟಲಿನಿಂದ ಬ್ಯಾಂಡಿನ ಉಸಿರೂ ಬಂದಿರಲಿಲ್ಲ. ಅವಳಿಗೆ ಅದು ಗೊತ್ತು. ತನ್ನ ರೇಡಿಯೋ ಒಂದೇ ಕೆಟ್ಟಿದೆ ಎಂದುಕೊಂಡಿದ್ದಾಳೆ. ಉಳಿದವರಿಗೆ ಕೇಳಿಸಿರುತ್ತದೆ ಎಂದು ನಂಬಿ ಬರೆದಿದ್ದಾಳೆ. ಅವನ ಕೈಯ ಕಡ್ಡಿ ತಾಳ ತಪ್ಪಿತು. ಯಾರಿಗೂ ಗೊತ್ತಾಗಲಿಲ್ಲ.

ಆಗ ಅವನಿಗೆ ಇನ್ನೊಂದು ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆದಿರಲಿಲ್ಲ ಎಂದು ತನ್ನ ದಡ್ಡತನಕ್ಕೆ ತಾನೇ ಬೆರಗಾದ. ಎಂಟನೆಯವನು ಎಲ್ಲಿ ಎಂದು ಅವಳು ದಿನಾ ಕೇಳುತ್ತಿದ್ದಳು. ಎಂಟನೆಯವನು ಇಲ್ಲ ಎನ್ನಬೇಕಾದರೆ ಏಳು ಜನರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಎಣಿಸಬೇಕು. ಕೇಳಿಸಲಿಲ್ಲ ಎಂದು ಹೇಳುವುದಕ್ಕೂ ಕೇಳಬೇಕು. ಏಳು ರಾಜ್ಯಗಳಲ್ಲಿ ಯಾರೂ ಹುಡುಕದಿದ್ದ ಅವನ ಟಕ್ ಟಕ್ ಸದ್ದನ್ನು, ಎಂಟು ತಿಂಗಳು, ಹನ್ನೆರಡರಿಂದ ಒಂದರ ತನಕ, ಹಿಟ್ಟಿನ ಬಟ್ಟಲಿಗೆ ಕಿವಿಯಿಟ್ಟು ಹುಡುಕಿದವಳು ಅವಳೊಬ್ಬಳೇ. ಅವಳು ಹಂಗಿಸುತ್ತಿದ್ದಾಳೆ ಎಂದುಕೊಂಡು ಅವನು ರಾತ್ರಿಯೆಲ್ಲ ಗೋಡೆಯ ಕಡೆ ತಿರುಗಿ ಮಲಗಿದ್ದ. ಅವನಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಎರಡೂ ಒಟ್ಟಿಗೆ ಬಂದದ್ದರಿಂದ ಮೂಗು ಸೋರಿತು. ಕೈಗೆ ಸಿಕ್ಕ ಕೊಳೆ ಮೇಜುಬಟ್ಟೆಯಲ್ಲಿ ಒರೆಸಿಕೊಂಡ.

ಒರೆಸಿಕೊಂಡದ್ದು ದೊಡ್ಡ ಡೋಲಿನ ಮೇಲೆ ಹೊದಿಸಿದ್ದ ಬಟ್ಟೆಯಲ್ಲಿ. ಬಟ್ಟೆ ಜಾರಿತು. ಡೋಲಿನ ಬಿಳಿ ಚರ್ಮ ಹೊರಬಂದಿತು. ಇವತ್ತು ತಂತಿ ಸರಿಯಿದೆ ಎಂದು ಸ್ಟಾಂಗ್ ಎರಡೆರಡು ಸಲ ಹೇಳಿದ್ದ. ಈ ಹೊತ್ತಿಗೆ ಅವಳು ಬಟ್ಟಲಿನ ಮುಂದೆ ಕೂತಿರುತ್ತಾಳೆ. ಸಂಜೆ ಮನೆಗೆ ಹೋದರೆ ಮತ್ತೆ ಕೇಳಿಸಿತು ಎಂದು ಸುಳ್ಳು ಹೇಳುತ್ತಾಳೋ, ಗಡಿಯಾರ ಎಂದು ನಿಜ ಹೇಳುತ್ತಾಳೋ. ಯಾವುದನ್ನು ಹೇಳಿದರೂ ತಾನು ಮರ ಕುಟ್ಟಿದವನೇ. ಬೇಡ ಎಂದುಕೊಂಡ. ಈಗಷ್ಟೇ ಉಳಿದ ಕೆಲಸ, ಸುಮ್ಮನಿರು ಎಂದು ಬುದ್ಧಿ ಹೇಳಿಕೊಂಡ. ಬುದ್ಧಿ ಹೇಳಿಕೊಳ್ಳುತ್ತಲೇ ಎದ್ದು ಡೋಲನ್ನು ತಬ್ಬಿ ಎಳೆದ. ಹೊಸ್ತಿಲು ದಾಟಿಸಿ, ಹಳೆಯ ಗೆರೆ ದಾಟಿಸಿ, ಅದಕ್ಕೂ ಹಳೆಯ ಗೆರೆ ದಾಟಿಸಿ, ತಾಳೆಗಿಡದ ಪಕ್ಕಕ್ಕೆ ತಂದು ನಿಲ್ಲಿಸಿದ. ಸೂಪಿನವನು ದಾರಿ ಬಿಟ್ಟು ನಿಂತು ನೋಡಿದ. ಸ್ಟಾಂಗ್ ತಲೆ ಎತ್ತಿ ಬೇಡ ಬೇಡ ಎಂದು ಎರಡೂ ಕೈ ಬೀಸಿದ. ಪ್ರೂವಿಟ್ ಬೆತ್ತ ಬೀಸಿ ತಡೆಯಲು ನೋಡಿದ; ಅವನ ಎಡ ಮೊಣಕೈಯಲ್ಲಿ ನಿಜವಾಗಿಯೂ ಒಂದು ಸೊಬಗಿತ್ತು. ಪಿಟೀಲು ಒಂದು ಸುತ್ತು ಮುಗಿಸಿ ಉಸಿರು ತೆಗೆದುಕೊಳ್ಳುವ ಸಣ್ಣ ಸಂದಿಯಲ್ಲಿ ವೊಯ್ತಾ ಪೆಡಲನ್ನು ಒದ್ದ.

ಒಂದೇ ಒಂದು ಸಲ. ಮೇಜಿನ ಮೇಲಿನ ಗಾಜಿನ ಲೋಟಗಳು ಕಿಣಿಕಿಣಿ ಎಂದವು. ಸ್ಟಾಂಗ್ ಕಿವಿಯ ಬಟ್ಟಲುಗಳನ್ನು ಕಿತ್ತೆಸೆದು ಫೋನಿನ ಕಡೆ ಓಡಿದ. ಬ್ಯಾಂಡು ನಿಂತಿತು. ಊಟ ಮಾಡುತ್ತಿದ್ದವರು ಇದೇ ಮುಕ್ತಾಯವೆಂದು ತಿಳಿದು, ಫೋರ್ಕು ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಪ್ರೂವಿಟ್ ಬೈಯಲಿಲ್ಲ. ಒಂದು ಗಂಟೆಯ ಮೇಲೆ ಅವನನ್ನು ತಾಳೆಗಿಡದ ಹತ್ತಿರ ಕರೆದು ಮತ್ತೆ ಮೃದುವಾದ. "ಸ್ಟೇಷನ್ನು ಆರು ನಿಮಿಷ ಸತ್ತಿತ್ತಂತೆ. ಕಳ್ಳತನ ನಾನು ಮುಚ್ಚಿ ಹಾಕಬಲ್ಲೆ ಕುಬಾತ್, ಇದನ್ನು ಆಗಲ್ಲ. ನಾಳೆಯಿಂದ ರಾತ್ರಿಗಷ್ಟೆ ಬಾ." ಆಮೇಲೆ, "ಯಾಕಯ್ಯ ಒದ್ದೆ?" ಎಂದು ಕೇಳಿದ.

"ಒಬ್ಬ ಗಂಡಸು ಕೇಳ್ತಿದ್ದ, ಅದಕ್ಕೆ" ಎಂದ ವೊಯ್ತಾ.

ಟ್ರಾಮಿನಲ್ಲಿ ದಕ್ಷಿಣ ಒಮಾಹಾದ ಕಸಾಯಿಖಾನೆಗಳ ವಾಸನೆ ಮುಖಕ್ಕೆ ಹೊಡೆಯುವ ತನಕ ಅವನು ಏನನ್ನೂ ಯೋಚಿಸಲಿಲ್ಲ. ಮನೆಗೆ ಬಂದಾಗ ಮೂರು ಗಂಟೆ. ಬಾರ್ಬೊರಾ ಅಡುಗೆಮನೆಯ ಮೇಜಿನ ಮುಂದೆ ಕೂತು ಗಸಗಸೆ ಅರೆಯುತ್ತಿದ್ದಳು. ಬಟ್ಟಲು, ಅದರೊಳಗಿನ ಹೆಡ್‌ಫೋನು, ಎಲ್ಲ ಹಾಗೆಯೇ ಇದ್ದವು. ಒಲೆಯ ಮೇಲಿನ ಮೊಳೆಯಲ್ಲಿ ನೇರಳೆ ಪೆನ್ಸಿಲು ದಾರದ ಕೊನೆಗೆ ತೂಗುತ್ತಿತ್ತು. ಅವನು ಅದನ್ನು ನೋಡಿದ್ದನ್ನು ಅವಳೂ ನೋಡಿದಳು.

"ಇಷ್ಟು ಬೇಗ ಬಂದ್ಯಾ?"

"ಬಂದೆ ಅತ್ತೆ. ನಾಳೆಯಿಂದ ಮಧ್ಯಾಹ್ನ ನಾನಿರಲ್ಲ. ರಾತ್ರಿ ಕುಣಿತಕ್ಕೆ ಮಾತ್ರ."

ಅವಳ ಕೈ ಒಂದು ಗಳಿಗೆ ನಿಂತು ಮತ್ತೆ ಅರೆಯತೊಡಗಿತು. "ಹೋಗ್ಲಿ ಬಿಡು. ಬಟ್ಟಲು ಖಾಲಿಯಾಗ್ತದೆ. ಎಂಟು ತಿಂಗಳಿಂದ ಹಿಟ್ಟು ಬಾಣಲೇಲಿ ಕಲಸ್ತಾ ಇದ್ದೀನಿ."

ವೊಯ್ತಾ ಕುರ್ಚಿ ಎಳೆದು ಅವಳ ಎದುರು ಕೂತ. ಎದೆಯ ಜೇಬಿನಲ್ಲಿ ಕಾರ್ಡು ಇತ್ತು. ಅದನ್ನು ತೆಗೆದು ಮೇಜಿನ ಮೇಲೆ ಇಡಬೇಕೆಂದು ಟ್ರಾಮಿನಿಂದ ಇಳಿಯುವಾಗ ಅಂದುಕೊಂಡಿದ್ದ. ಈಗ ಇಡಲಾರದೆ ಹೋದ.

"ಇವತ್ತು ಕೇಳಿಸ್ತಾ?"

"ಏನೋ ಧಡ್ ಅಂತು. ಬಟ್ಟಲು ಮೇಜಿನ ಮೇಲೆ ಒಂದು ಬೆರಳಷ್ಟು ಸರೀತು. ಪಕ್ಕದ ಮನೆಯವಳು ಬಟಾಣಿ ಚೆಲ್ಲಿದ್ಲು. ಆಮೇಲೆ ಸದ್ದಿಲ್ಲ ಸುದ್ದಿಯಿಲ್ಲ."

"ನಾನೇ ಅದು."

"ಗೊತ್ತು. ಅವರಿಗೆಲ್ಲ ಹೇಳ್ದೆ, ಇವನೇ ನಮ್ಮ ಅಳಿಯ ಅಂತ."

ಅವನು ಬಟ್ಟಲಿನೊಳಗೆ ಬಗ್ಗಿ ನೋಡಿದ. ತಳದಲ್ಲಿ ಒಣಗಿದ ಹಿಟ್ಟಿನ ಹಳೆಯ ಕಲೆಯೊಂದಿತ್ತು.

"ಬುಧವಾರ ಬಂದ ಹಾಗೇ ಬಂತಾ ಅತ್ತೆ?"

ಬಾರ್ಬೊರಾ ಅರೆಯುವುದನ್ನು ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

"ಬುಧವಾರಕ್ಕಿಂತ ಒಂಚೂರು ಜೋರು" ಎಂದಳು.